ಹೋಗಿ ಬನ್ನಿ ಅನ್ನುತ್ತಿದ್ದವರು

ಹೆಬ್ಬಾಳದ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಮತ್ತಿಕೆರೆಯ ಹಳಬರ ಮನೆಯ ಹೆಂಗಸು. ಅಮೆರಿಕದ ಒಂದು ಸಾಧಾರಣ ಊರಿನ ಮ್ಯೂಸಿಯಂ, ಹೂವಿನ ಗಾಜಿನಮನೆ, ಹಳೇ ರೈಲುಗಳ ಶೆಡ್ಡು ನೋಡಬೇಕೆಂದು ಫೋನ್ ಮಾಡುವವರಿಗೆ ದಾರಿ ಹೇಳುವುದು ನಮ್ಮ ಕೆಲಸ. ನಾವಿಬ್ಬರೂ ಆ ಊರು ಕಂಡವರಲ್ಲ. ಆದರೂ ಅವರು, ಫೋನಿನಲ್ಲಿದ್ದವರಿಗೆ ಕಾಣುತ್ತದೆ ಎನ್ನುವಂತೆ, ಎಡಗೈ ತಿರುಗಿಸಿ ತಿರುಗಿಸಿ ದಾರಿ ತೋರಿಸುತ್ತಿದ್ದರು. ಕೊನೆಗೆ ಇಂಗ್ಲಿಷಿನಲ್ಲೇ, "ಗೋ ಅಂಡ್ ಕಮ್" ಎನ್ನುತ್ತಿದ್ದರು.

"ಅಲ್ಲಿ ಹಂಗೆ ಯಾರೂ ಅನ್ನಲ್ಲ ಮೇಡಂ," ಎಂದು ಸೂಪರ್‌ವೈಸರ್ ತಲೆ ಚಚ್ಚಿಕೊಳ್ಳುತ್ತಿದ್ದರು.

"ಹೊರಡೋರಿಗೆ ಬರೀ ಹೋಗಿ ಅಂದ್ರೆ ಓಡಿಸಿದ ಹಂಗಾಗುತ್ತೆ ಕಣ್ರೀ. ನನ್ ಬಾಯಲ್ಲಿ ಬರಲ್ಲ."

ಒಂದು ಬೆಳಿಗ್ಗೆ ಅಲ್ಲಿನ ಅಜ್ಜಿಯೊಬ್ಬರು ಫೋನ್ ಮಾಡಿದರು. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬಂದಿರಲಿಲ್ಲವಂತೆ. ರೈಲು ನೋಡಲು ಒಬ್ಬಳೇ ಹೋದರೆ ಕೂರಲು ಬೆಂಚಿದೆಯೇ ಎಂದು ಕೇಳಿದರು. ಇವರು ಬೆಂಚಿರುವ ಜಾಗ ಹೇಳಿ, ಎಂದಿನಂತೆ ಹೋಗಿ ಬನ್ನಿ ಎಂದರು.

ಮುಂದಿನ ವಾರ ಆ ಅಜ್ಜಿ ಇವರನ್ನೇ ಕೇಳಿಕೊಂಡು ಮತ್ತೆ ಫೋನ್ ಮಾಡಿದರು. ಈ ಸಲ ದಾರಿ ಕೇಳಲಿಲ್ಲ. ಹೋಗಿ ಬನ್ನಿ ಅಂದಿದ್ದಿರಲ್ಲ, ಹೋಗಿ ಬಂದೆ, ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ ಎಂದರಂತೆ.

ಇವರ ಎಡಗೈ ಮೇಜಿನ ಮೇಲೆ ಸುಮ್ಮನಾಯಿತು. ಹಿಂದೆಯೇ ಸೂಪರ್‌ವೈಸರ್ ನಿಂತು ಕೇಳುತ್ತಿದ್ದರು. ಅಲ್ಲಿ ಆಗ ರಾತ್ರಿ ಊಟದ ಹೊತ್ತು.

ಊಟ ಆಯಿತಾ ಎಂದು ಇವರು ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. ಆ ಕಡೆಯ ಉತ್ತರ ಮುಗಿಯಲು ಬಹಳ ಹೊತ್ತು ಹಿಡಿಯಿತು. ಸೂಪರ್‌ವೈಸರ್ ಸದ್ದಾಗದಂತೆ ತಮ್ಮ ಸೀಟಿಗೆ ನಡೆದರು.