ಬಿದ್ದ ಮರುದಿನದ ಸಹಿ

ಹ್ಯಾಂಗರಿನಲ್ಲಿ ಅವರನ್ನು ಎಲ್ಲರೂ ಸಹಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ವಿಮಾನ ರಿಪೇರಿ ಮಾಡಿದ ಎಂಜಿನಿಯರು, ಕಣ್ಣಾರೆ ನೋಡದ ಒಂದು ನಟ್ಟಿಗೂ ಸಹಿ ಹಾಕಿದವರಲ್ಲ. "ಮಾಡಿದ್ರೆ ಸಾಲದು, ಬರೀರಿ. ಬರೀದೇ ಇದ್ರೆ ಮಾಡೇ ಇಲ್ಲ ಅಂತ ಲೆಕ್ಕ" ಎಂದು ಹೊಸಬರ ತಲೆ ತಿನ್ನುತ್ತಿದ್ದರು. ವಿಮಾನಕ್ಕೆ ಬಣ್ಣ ಬಳಿಯುವ ಪೇಂಟರ್ ಅವರ ಗೆಳೆಯ. "ಮೇಷ್ಟ್ರು ಮದುವೆ ದಿನ ಹೆಂಡ್ತೀನೂ ಟಾರ್ಚ್ ಹಾಕಿ ನೋಡೇ ಸಹಿ ಹಾಕಿದ್ದು" ಎಂದು ನಗಿಸುತ್ತಿದ್ದ.

ಗೇಟಿನ ಬಳಿ ಒಂದು ಬೋರ್ಡು. ಅಪಘಾತವಿಲ್ಲದೆ ಕಳೆದ ದಿನಗಳು ಎಂದು ಅದರ ಮೇಲೆ ಬರೆದಿತ್ತು. ದಿನಾ ಬೆಳಗ್ಗೆ ಅಂಕಿ ಬದಲಿಸುವ ಕೆಲಸವನ್ನು ಮೇಷ್ಟ್ರು ತಾವೇ ಕೇಳಿ ಪಡೆದಿದ್ದರು. ಆ ಅಂಕಿಯ ಮೇಲೆ ಅವರಿಗೆ ಮಗಳ ಮೇಲಿದ್ದಷ್ಟೇ ಹೆಮ್ಮೆ.

ಅಂಕಿ ಒಂಬೈನೂರ ಎಪ್ಪತ್ತಾಗಿದ್ದ ದಿನ ಅವರೇ ಬಿದ್ದರು. ವಿಮಾನದ ಬಾಲ ನೋಡಲು ಚಕ್ರವಿರುವ ಏಣಿಯಂಥ ಸ್ಟ್ಯಾಂಡ್ ಹತ್ತಿದ್ದರು. ಚಕ್ರದ ಬ್ರೇಕ್ ಹಿಡಿಯಲಿಲ್ಲ, ಸ್ಟ್ಯಾಂಡ್ ಜಾರಿತು, ಹಿಮ್ಮಡಿಯ ಮೂಳೆ ಸೀಳಿತು. ಮ್ಯಾನೇಜರ್ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದ. ಮನೆ ಮೆಟ್ಟಿಲಿಂದ ಬಿದ್ದರು ಎಂದು ಚೀಟಿಯಲ್ಲಿ ಬರೆಸಿದ. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಮೇಷ್ಟ್ರು ತಲೆಯಾಡಿಸಿಬಿಟ್ಟರು.

ಕೆಲಸದಲ್ಲಿ ಗಾಯವಾಗಿ ಎರಡು ದಿನಕ್ಕಿಂತ ಹೆಚ್ಚು ಮನೆಯಲ್ಲಿ ಉಳಿದರೆ ಕಂಪನಿ ಸರ್ಕಾರಕ್ಕೆ ವರದಿ ಕಳಿಸಬೇಕು. ಉಳಿಯದಿದ್ದರೆ ಬೇಕಿಲ್ಲ. ಎಂಥ ಚೆಂದದ ಕಾನೂನು ನೋಡಿ!

"ಸಾವಿರ ಮುಟ್ಟೋಕೆ ಮೂವತ್ತೇ ದಿನ ಇದೆ ಮೇಷ್ಟ್ರೇ. ನಿಮ್ಮಿಂದಲೇ ಕೆಡಬೇಕಾ?" ಎಂದ ಮ್ಯಾನೇಜರ್. "ಕಾರು ಕಳಿಸ್ತೀನಿ. ಬಂದು ಸಹಿ ಹಾಕಿ, ಸ್ಟೋರಲ್ಲಿ ಕೂತಿರಿ. ಸಾಕು."

"ನೀವು ಬೇರೆಯೋರ ತಪ್ಪೆಲ್ಲ ಬರೀತೀರಿ. ನಿಮ್ಮ ಕಾಲಿಂದನ್ನೂ ಬರೆದು ಕೊಡ್ರೀ" ಎಂದಳು ಹೆಂಡತಿ.

"ಆಮೇಲೆ ನೋಡೋಣ ಬಿಡೇ" ಎಂದರು.

ಮರುದಿನವೇ ಪ್ಲಾಸ್ಟರ್ ಕಾಲಿನಲ್ಲಿ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರು. ಆರು ವಾರ ಸ್ಟೋರಿನಲ್ಲಿ ಕಾಲನ್ನು ಪೆಟ್ಟಿಗೆಯ ಮೇಲಿಟ್ಟು ಕೂತರು. ಕುಳಿತಲ್ಲಿಗೇ ಟೀ ಬರುತ್ತಿತ್ತು. ನಿಜ ಹೇಳಬೇಕೆಂದರೆ ಆ ಉಪಚಾರ ಅವರಿಗೆ ಹಿತವಾಗಿಯೇ ಇತ್ತು. ಸಾವಿರದ ದಿನ ಸಿಹಿ ಹಂಚಿದರು, ಮೇಷ್ಟ್ರು ಕುಂಟುತ್ತ ಹೋಗಿ ಅಂಕಿ ಬದಲಿಸಿ ಚಪ್ಪಾಳೆ ಗಿಟ್ಟಿಸಿದರು. ಸ್ಟ್ಯಾಂಡನ್ನು ಮಾತ್ರ ಯಾರೂ ರಿಪೇರಿಗೆ ಕಳಿಸಲಿಲ್ಲ. ಏಕೆ ಕೆಟ್ಟಿತು ಎಂದು ಬರೆಯಬೇಕಾಗುತ್ತಿತ್ತಲ್ಲ! ಚಕ್ರಕ್ಕೊಂದು ಮರದ ತುಂಡು ಅಡ್ಡ ಕೊಟ್ಟು ಕೈತೊಳೆದುಕೊಂಡರು.

ಎಂಟು ತಿಂಗಳಿಗೆ ಅದೇ ಸ್ಟ್ಯಾಂಡಿನಿಂದ ಪೇಂಟರ್ ಬಿದ್ದ. ಬೆನ್ನುಮೂಳೆ ಮುರಿಯಿತು. ಇನ್ನು ಎದ್ದು ನಿಲ್ಲಲಾರ ಎಂದರು ಡಾಕ್ಟರು. ಅದನ್ನು ಮುಚ್ಚಿಡಲು ಸ್ಟೋರಿನ ಯಾವ ಕುರ್ಚಿಯೂ ಸಾಲದು, ತನಿಖೆಗೆ ಅಧಿಕಾರಿ ಬಂದ. ಅಷ್ಟರಲ್ಲಿ ಕಂಪನಿ ಪೇಂಟರನದೇ ಅಜಾಗರೂಕತೆ ಎಂದು ಹೇಳಿ ಮುಗಿಸಿತ್ತು.

ಪೇಂಟರನ ಹೆಂಡತಿ ಮೇಷ್ಟ್ರ ಮನೆಗೇ ಬಂದಳು. "ಅಣ್ಣಾ, ನೀವು ಬಿದ್ದಿದ್ದೂ ಅದೇ ಸ್ಟ್ಯಾಂಡಿಂದ ಅಂತ ಇವ್ರು ಹೇಳ್ತಿದ್ರು. ಅದೊಂದು ಮಾತು ಹೇಳಿಬಿಡಿ. ತಪ್ಪು ಇವ್ರದಲ್ಲ ಅಂತಾದ್ರೂ ಆಗ್ಲಿ."

ಮೇಷ್ಟ್ರು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಳಿಸಿಕೊಂಡ ಅಧಿಕಾರಿ ಆಸ್ಪತ್ರೆಯ ಚೀಟಿ ಓದಿದ. ಆಮೇಲೆ ಹಾಜರಿ ಪುಸ್ತಕ ತಿರುಗಿಸಿ ಮುಂದಿಟ್ಟ.

"ಒಂದು ದಿನಾನೂ ರಜೆ ಇಲ್ವಲ್ಲ. ಈ ಸಹಿ ನಿಮ್ಮದೇನಾ?"

ಮೇಷ್ಟ್ರು ಅಭ್ಯಾಸದಂತೆ ಬಗ್ಗಿ ಮೂರು ಸಲ ನೋಡಿದರು. ಒಂದಕ್ಷರವೂ ನಡುಗಿರಲಿಲ್ಲ. "ನಂದೇ" ಎಂದರು.

"ಲೈಸೆನ್ಸ್ ಇರೋ ಎಂಜಿನಿಯರ್ ನೀವು. ಸ್ಟ್ಯಾಂಡ್ ಕೆಟ್ಟಿದ್ರೆ ವರದಿ ಮಾಡೋದು ನಿಮ್ಮ ಕರ್ತವ್ಯ ಆಗಿತ್ತು" ಎಂದು ಅಧಿಕಾರಿ ಏನೂ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿದ.

ಹೊರಗೆ ಬೆಂಚಿನ ಮೇಲಿದ್ದ ಪೇಂಟರನ ಹೆಂಡತಿ ಎದ್ದು ನಿಂತಳು.

"ಹೇಳಿದ್ರಾ ಅಣ್ಣಾ?"

"ಹೇಳ್ದೆ ಕಣಮ್ಮಾ."

"ಬರ್ಕೊಂಡ್ರಾ?"