ಮದ್ದುಸೊಪ್ಪಿನ ಪಾಯಸ ಮತ್ತು ಧಾರಾವಾಹಿಯ ಅತ್ತೆ

ಸೊಸೆ ಬಂದ ಹೊಸದರಲ್ಲಿ ನಮ್ಮಿಬ್ಬರನ್ನು ಹತ್ತಿರ ತಂದದ್ದೇ ಟಿ.ವಿ. ಅವಳು ಹಾಸನದ ಕಡೆಯವಳು, ನಾನು ಭಾಗಮಂಡಲದ ಕಡೆಯವಳು. ಅಡುಗೆಮನೆಯಲ್ಲಿ ಮಾತಿಗೆ ತಡವರಿಸುತ್ತಿದ್ದೆವು. ಸಂಜೆ ದೀಪ ಹಚ್ಚಿ ಧಾರಾವಾಹಿಯ ಮುಂದೆ ಕೂತರೆ ಮಾತ್ರ ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ. ಅದರಲ್ಲೊಬ್ಬ ಅತ್ತೆ ನಗುನಗುತ್ತಾ, ಬಾಯಿತುಂಬ ‘ಮಗಳೇ’ ಎನ್ನುತ್ತಾ, ಸೊಸೆಯ ಹಾಲಿಗೆ ದಿನಾ ಏನೋ ಬೆರೆಸುತ್ತಿದ್ದಳು. ಆ ಸೊಸೆಗಾಗಿ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೇನೆ. ಅತ್ತೆಗೆ ಶಾಪ ಹಾಕುವುದರಲ್ಲಂತೂ ನನ್ನದೇ ಮೇಲುಗೈ. ನಾನೂ ಒಬ್ಬ ಅತ್ತೆ ಎಂಬುದು ಆಗ ನೆನಪಿಗೇ ಬರುತ್ತಿರಲಿಲ್ಲ.

ಜಡಿಮಳೆಯ ಆಟಿ ತಿಂಗಳ ಹದಿನೆಂಟನೇ ದಿನ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ. ಅಂದು ಆ ಸೊಪ್ಪಿನಲ್ಲಿ ಔಷಧದ ಗುಣ ತುಂಬಿರುತ್ತದೆಂದು ನಂಬಿಕೆ. ಬೇಯಿಸಿದ ರಸ ಕಡುನೇರಳೆ. ತಿಂದವರಿಗೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೂ ಅದು ಗೊತ್ತು, ಹಾಗಾಗಿ ಯಾರೂ ಯಾರಿಗೂ ಹೇಳುವುದಿಲ್ಲ. ಅವಳಿಗೆ ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ತುಪ್ಪ, ಜೇನು ಸುರಿದು, ಬೇಡವೆಂದರೂ ಇನ್ನಷ್ಟು ಬಡಿಸಿದೆ.

ಮರುದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ನಿಂತು ತಾಯಿಗೆ ಫೋನ್ ಮಾಡಿ ಅಳುತ್ತಿದ್ದಳು.

“ಅವ್ವಾ, ಕೆಂಪಗೆ ಹೋಯ್ತಾ ಅದೆ. ನೆನ್ನೆ ಪಾಯ್ಸಕ್ಕೆ ಅತ್ತೆ ಏನೋ ಹಾಕವ್ರೆ. ನಗ್‌ನಗ್ತಾನೇ ಬಡಿಸಿದ್ರು ಕಣವ್ವ.”

ಬಟ್ಟೆ ಒಣಹಾಕಲು ಹೋದವಳು ಬಕೆಟ್ ಹಿಡಿದು ಅಲ್ಲೇ ನಿಂತೆ. ಆ ‘ನಗ್‌ನಗ್ತಾ’ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಬೀಗಿತ್ತಿ ಗಾಬರಿಯಿಂದ ನನ್ನ ಮಗನಿಗೆ ಫೋನ್ ಮಾಡಿದರು. ಅವನು ಬಿದ್ದು ಬಿದ್ದು ನಕ್ಕ. “ನಂಗೂ ಹಂಗೇ ಆಗಿದೆ ಮಾರಾಯ್ತಿ, ಇವತ್ತು ಇಡೀ ಕೊಡಗಿಗೇ ಆಗಿರ್ತದೆ” ಎಂದು ಹೆಂಡತಿಗೆ ಹೇಳಿದ. ಅವಳು ನಾಚಿ, ನನ್ನ ಕೈ ಹಿಡಿದು “ತಪ್ಪಾಯ್ತು ಅತ್ತೆ” ಎಂದಳು. ನಾನೂ ನಕ್ಕೆ. ಆದರೆ ಬೇಜಾರು ಒಳಗೇ ಉಳಿಯಿತು. ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತಿದ್ದ ನನಗಿಂತ ಪರದೆಯ ಮೇಲಿನವಳೇ ಅವಳಿಗೆ ನಿಜವಾಗಿದ್ದಳು. ಆ ಅತ್ತೆಯನ್ನು ದಿನಾ ಸಂಜೆ ಕರೆದು ನಮ್ಮ ಮಧ್ಯೆ ಕೂರಿಸಿಕೊಂಡವರು ನಾವೇ.

ಧಾರಾವಾಹಿ ಎಂದೋ ಮುಗಿಯಿತು. ಕೊನೆಯ ಕಂತಿನಲ್ಲಿ ಆ ಅತ್ತೆ ಕಣ್ಣೀರು ಹಾಕಿ ಒಳ್ಳೆಯವಳೂ ಆದಳು. ನನಗೆ ಅಂಥ ಕಂತು ಸಿಗಲಿಲ್ಲ. ಈಗಲೂ ಪ್ರತಿ ಆಟಿಯಲ್ಲಿ ಪಾಯಸ ಮಾಡುತ್ತೇನೆ. ಅವಳಿಗೆ ಬಡಿಸುವ ಮೊದಲು, ಅವಳಿಗೆ ಕಾಣುವ ಹಾಗೆ, ಒಂದು ಚಮಚ ನನ್ನ ಬಾಯಿಗೆ ಹಾಕಿಕೊಳ್ಳುತ್ತೇನೆ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಬೇಡವೆಂದು ಅವಳೂ ಇದುವರೆಗೆ ಹೇಳಿಲ್ಲ.