ಕೂಲರಿನ ಮುಂದೆ ಭೂರ್ಜವೃಕ್ಷ

ಬೇಸಿಗೆಯಲ್ಲಿ ನಮ್ಮ ಜತ್ತ ತಾಲ್ಲೂಕಿನ ಯಾವ ಮನೆಗಾದರೂ ಹೋಗಿ, ಅಲ್ಲಿಯ ಯಜಮಾನರು ಯಾರೆಂದು ಕೇಳಬೇಕಾಗಿಲ್ಲ. ಕೂಲರಿನ ಮುಖ ಯಾರ ಕಡೆಗಿದೆಯೆಂದು ನೋಡಿದರೆ ಸಾಕು. ಸಾಮಾನ್ಯವಾಗಿ ಅದು ಹಿರಿಯರ ಮಂಚದ ಕಡೆಗಿರುತ್ತದೆ. ಅಳಿಯ ಬಂದ ದಿನ ನಿಷ್ಠೆ ಬದಲಿಸಿ ಅವನತ್ತ ತಿರುಗುತ್ತದೆ. ಕಳೆದ ಬೇಸಿಗೆಯಲ್ಲಿ ಬಿಳೂರಿನ ನಮ್ಮ ಮನೆಯ ಕೂಲರು ಮಾತ್ರ ಮನುಷ್ಯಮಾತ್ರರಿಗೆಲ್ಲ ಬೆನ್ನು ತೋರಿಸಿ, ಅಂಗಳದ ಕುಂಡದಲ್ಲಿದ್ದ ಒಂದು ಮೊಳದ ಗಿಡಕ್ಕೆ ಗಾಳಿ ಬೀಸುತ್ತಿತ್ತು. ಅದು ಭೂರ್ಜವೃಕ್ಷ.

ಕಾಗದವಿಲ್ಲದ ಕಾಲದಲ್ಲಿ ಋಷಿಗಳು ಗ್ರಂಥ ಬರೆದದ್ದು ಈ ಮರದ ತೊಗಟೆಯ ಮೇಲೆ ಎಂದು ಕನ್ನಡ ಸಾಲೆಯ ಮಾಸ್ತರನಾಗಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಹಲಗೆಯ ಮೇಲೆ ನಾನು ಬಿಡಿಸುತ್ತಿದ್ದ ಭೂರ್ಜ ಥೇಟ್ ಬೇವಿನ ಮರದಂತಿರುತ್ತಿತ್ತು. ನಾನು ಕಂಡ ಮರ ಅದೊಂದೇ. ಇಂಥ ಪರೋಕ್ಷ ಪಾಂಡಿತ್ಯದಲ್ಲಿ ನಿವೃತ್ತನಾದ ನನ್ನ ಮನೆಗೆ ನಿಜವಾದ ಭೂರ್ಜ ಬಂದದ್ದು ಸೊಸೆಯ ದೆಸೆಯಿಂದ. ಮಗ ದಾಳಿಂಬೆ ಮಾರಲು ಡೆಹರಾಡೂನಿಗೆ ಹೋಗಿ ಬರುತ್ತಿದ್ದವನು, ಒಂದು ಸಲ ಹಣ್ಣು ಕೊಟ್ಟು ಕನ್ಯೆ ತಂದ. ಹಿಮಾಲಯದ ಮಡಿಲಿನ ಕಮಲಾ ಒಂದೇ ವರ್ಷದಲ್ಲಿ ನಮ್ಮ ಮಾತನ್ನೂ ಜೋಳದ ರೊಟ್ಟಿಯನ್ನೂ ಕಲಿತಳು. ಎರಡನೆಯ ವರ್ಷ ತವರಿನಿಂದ ಮರಳುವಾಗ ಹಸಿ ಪಾಚಿಯಲ್ಲಿ ಬೇರು ಸುತ್ತಿದ ಸಸಿಯೊಂದನ್ನು ನನ್ನ ಕೈಗಿತ್ತಳು.

ಮಾಸ್ತರಿಕೆಯಲ್ಲಿ ಅಂಟಿದ ಚಟವೆಂದರೆ ಸಂದರ್ಭಸಹಿತ ವಿವರಣೆ. ತಂಪು ನಾಡಿನ ಹುಡುಗಿ ತವರಿನ ನೆನಪಿಗೆಂದು ಇದನ್ನು ತಂದಿದ್ದಾಳೆ, ಇದು ಚಿಗುರಿದರೆ ಅವಳ ಮನಸ್ಸೂ ಇಲ್ಲಿ ಚಿಗುರುತ್ತದೆ, ಇದು ಬಾಡಿದರೆ ಅವಳೂ ಬಾಡುತ್ತಾಳೆ ಎಂದು ಯಾರೂ ಕೇಳದ ಪ್ರಶ್ನೆಗೆ ನಾನೇ ಉತ್ತರ ಬರೆದುಕೊಂಡೆ. ಫೋನಿನಲ್ಲಿ ಹುಡುಕಿ ಓದಿದೆ. ತಂಪು ದೇಶಗಳಲ್ಲಿ ಇದನ್ನು ಮನೆಯಂಗಳದ ಸೊಬಗಿಗೆ ನೆಡುತ್ತಾರಂತೆ, ಬೇರು ಸದಾ ತಣ್ಣಗಿರಬೇಕಂತೆ, ಬಿಸಿಲುನಾಡಿನವರು ಈ ಸಾಹಸ ಮಾಡಬಾರದಂತೆ. ಕೊನೆಯ ಸಾಲನ್ನು ನನ್ನ ವಿದ್ಯಾರ್ಥಿಗಳ ಹಾಗೆಯೇ ಹಾರಿಸಿದೆ. ಕುಂಡಕ್ಕೆ ಹಸಿ ಗೋಣಿತಟ್ಟು ಸುತ್ತಿದೆ, ದಿನಾ ಮುಂಜಾನೆ ಫ್ರಿಜ್ಜಿನ ಐಸು ಹಾಕಿದೆ, ಕಡೆಗೆ ಕೂಲರನ್ನೇ ತಿರುಗಿಸಿದೆ. ಹೆಂಡತಿ ಬೀಸಣಿಗೆ ಹಿಡಿದು ನನ್ನನ್ನೊಮ್ಮೆ, ಗಿಡವನ್ನೊಮ್ಮೆ ನೋಡುತ್ತಿದ್ದಳು.

ಗಿಡ ಹೇಗೋ ಜೀವ ಹಿಡಿದುಕೊಂಡಿತ್ತು. ಅಷ್ಟರಲ್ಲಿ ವಿಜಯಪುರದಲ್ಲಿ ನೆಂಟರ ಮನೆಯ ಮದುವೆ ಬಂತು; ಎಲ್ಲರೂ ಎಂಟು ದಿನ ಹೊರಟೆವು. ಕುಂಡವನ್ನು ಪಕ್ಕದ ಮಾಳಪ್ಪನಿಗೆ ಒಪ್ಪಿಸಿ, "ನಿನ್ನ ಗಿಡದ ಹಂಗ ನೋಡ್ಕೋ" ಎಂದೆ. ಅಲ್ಲೇ ನಾನು ಕೆಟ್ಟೆ. ಮಾಳಪ್ಪ ದಾಳಿಂಬೆ ತೋಟದವನು. ನಮ್ಮಲ್ಲಿ ದಾಳಿಂಬೆ ಮೈತುಂಬ ಹೂ ಬಿಡಬೇಕಾದರೆ ಮೊದಲು ನೀರು ನಿಲ್ಲಿಸಿ, ಎಲೆ ಉದುರುವ ತನಕ ಒಣಗಿಸಿ, ಆಮೇಲೆ ನೀರು ಬಿಡುತ್ತಾರೆ. ಅದಕ್ಕೆ ತಾಣ ಕೊಡುವುದೆನ್ನುತ್ತಾರೆ. ಊರಿಗೆ ಮರಳಿದೊಡನೆ ನಾನೊಬ್ಬನೇ ಅವನ ಮನೆಗೆ ಹೋದೆ; ಮಾಳಪ್ಪ ಬೋಳು ಕಡ್ಡಿಯ ಪಕ್ಕದಲ್ಲಿ ಹೆಮ್ಮೆಯಿಂದ ನಿಂತಿದ್ದ.

"ಒಂದ ಹನಿ ನೀರ ಹಾಕಿಲ್ರಿ ಮಾಸ್ತರ, ಭಾಳ ಚಲೋ ತಾಣ ಕೊಟ್ಟೀನಿ. ಇನ್ನ ಲಗೂನ ನೀರ ಬಿಡ್ರಿ, ಹೂವ ಹೆಂಗ ಹಿಡೀತದ ನೋಡ್ರಿ!"

ಬೈಯಲು ಬಾಯಿ ಬರಲಿಲ್ಲ. ತನಗೆ ಗೊತ್ತಿದ್ದ ಅತ್ಯುತ್ತಮ ಉಪಚಾರವನ್ನೇ ಅವನು ಮಾಡಿದ್ದ, ನಾನು ಐಸು ಹಾಕಿದಂತೆ. ನನಗೆ ಸಂಕಟವಾದದ್ದು ಕಮಲಾಳಿಗೆ ಏನು ಹೇಳಲಿ ಎಂದು. ಹೇಡಿಯಾಗಿ, ಕಡ್ಡಿಯ ಮೇಲೆ ಗೋಣಿತಟ್ಟು ಹೊದಿಸಿ, ಸತ್ತ ಗಿಡಕ್ಕೆ ಇನ್ನೂ ಮೂರು ದಿನ ಕೂಲರು ಹಚ್ಚಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹಿಟ್ಟಿನ ಕೈಯಲ್ಲಿ ಬೆವರೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. ತಟ್ಟು ಎತ್ತಿ ನೋಡಿದಳು. ನಾನು ತಲೆ ತಗ್ಗಿಸಿ, "ತಪ್ಪಾತವ್ವಾ, ನಿನ್ನ ತವರಿನ ಗಿಡ ಉಳಸಾಕ ಆಗಲಿಲ್ಲ" ಎಂದೆ.

"ಇದು ಇಲ್ಲಿ ಬದುಕೂದಿಲ್ಲಂತ ನನಗ ಮೊದಲ ಗೊತ್ತಿತ್ರಿ ಮಾವಾರ," ಎಂದಳು. "ಮೂವತ್ತು ವರ್ಷ ಸಾಲ್ಯಾಗ ಇದರ ಹೆಸರ ಹೇಳೀರಿ, ಒಮ್ಮಿ ಕಣ್ಣಿಲೆ ನೋಡ್ಲಿ ಅಂತ ನಿಮಗಾಗಿ ತಂದಿದ್ದೆ."

ನಾನು ತಲೆಯೆತ್ತಿ, "ಹಂಗಾರ ನಿನಗ ಇಲ್ಲಿ..." ಎಂದೆ.

"ನನಗೇನ ಐಸ್ ಬ್ಯಾಡ್ರಿ," ಎಂದು ನಕ್ಕಳು. "ಆ ಕೂಲರ ಒಂದೀಟ ಅಡಗಿ ಮನಿ ಕಡೆ ಹೊಳ್ಳಸ್ರಿ. ರೊಟ್ಟಿ ಬಡಿಯೂದ್ರಾಗ ಜೀವ ಹೋಗ್ತದ."

ಎರಡು ತಿಂಗಳು ನಾನು ಅವಳ ತವರಿನ ಕಡ್ಡಿಗೆ ಗಾಳಿ ಹಾಕುತ್ತಿದ್ದಾಗ, ಅವಳು ಹತ್ತು ಹೆಜ್ಜೆಯಾಚೆ ಒಲೆಯ ಮುಂದೆ ಬೇಯುತ್ತಿದ್ದಳು. ಆ ಮಧ್ಯಾಹ್ನ ನನಗಾದಷ್ಟು ನಾಚಿಕೆ ಸಾಲೆ ತಪಾಸಣೆಗೆ ಬಂದ ಯಾವ ಇನ್‌ಸ್ಪೆಕ್ಟರರ ಮುಂದೆಯೂ ಆಗಿರಲಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಕೂಲರಿನ ಮುಖ ಅಡುಗೆಮನೆಯ ಕಡೆಗಿದೆ. ಬಂದವರು ಪಡಸಾಲೆಯಲ್ಲಿ ಬೆವರುತ್ತ ಕುಳಿತು, ಅದನ್ನೂ ನನ್ನನ್ನೂ ನೋಡಿ, ಈ ಮನೆಯ ಯಜಮಾನರು ಯಾರೆಂದು ತಮ್ಮಷ್ಟಕ್ಕೆ ತಿಳಿದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.